ಪೃಚ್ಛನೆಯಿಲ್ಲದ ಸ್ವಾಧ್ಯಾಯ

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಬಸದಿಗಳಲ್ಲಿ ದಿನಕ್ಕೊಂದರಂತೆ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳ ಪಾರಾಯಣ ನಡೆಯುತ್ತದೆ. ಒಂಬತ್ತನೆಯ ದಿನ ಓದುವ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸ್ವಾಧ್ಯಾಯಕ್ಕೆ ಐದು ಭೇದಗಳನ್ನು ಹೇಳಿದ್ದಾರೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಪಠಣವೆನಿಸುವ ಆಮ್ನಾಯಕ್ಕೆ ದೊರೆತಿರುವುದು ನಾಲ್ಕನೆಯ ಸ್ಥಾನ, ಪ್ರಶ್ನಿಸುವುದಕ್ಕೆ ಎರಡನೆಯದು. ಸ್ವಾಧ್ಯಾಯವು ಅಂತರಂಗ ತಪಸ್ಸುಗಳಲ್ಲೊಂದಾದುದರಿಂದ ಪ್ರಶ್ನಿಸುವುದೂ ತಪಸ್ಸೇ. ಆದರೆ ಈ ಸೂತ್ರವನ್ನು ವರ್ಷವರ್ಷವೂ ಸುಶ್ರಾವ್ಯವಾಗಿ ಪಠಿಸುವ ಸಭೆಯಲ್ಲಿ ಬಾಲಕನೊಬ್ಬ ಎದ್ದುನಿಂತು ‘ಇದರ ಅರ್ಥವೇನು?’ ಎಂದರೆ, ಎಷ್ಟೋ ಕಡೆ ದೊರೆಯುವ ಉತ್ತರ ಗದರಿಕೆ.

ಅರ್ಥ ತಿಳಿಯದಿದ್ದರೂ ಶಬ್ದಕ್ಕೇ ಶಕ್ತಿಯುಂಟೆಂಬ ಸಮಾಧಾನ ಸಿದ್ಧವಾಗಿಯೇ ಇರುತ್ತದೆ. ಅಕ್ಷರ ಬಾರದ ಅಜ್ಜಿ ಮುಂಜಾನೆ ಣಮೋಕಾರವನ್ನು ಜಪಿಸುವಾಗ ಆಕೆಯ ಭಕ್ತಿಯನ್ನು ಅಳೆಯುವ ಅಧಿಕಾರ ಯಾರಿಗೂ ಇಲ್ಲ. ಕಾಲೇಜು ಓದಿದ ಮೊಮ್ಮಗನೂ ಅಷ್ಟಕ್ಕೇ ನಿಂತರೆ ಅದಕ್ಕೆ ಆಲಸ್ಯವೆಂದೇ ಹೆಸರು. ಸಮವಸರಣದಲ್ಲಿ ಜಿನನ ದಿವ್ಯಧ್ವನಿಯು ಹದಿನೆಂಟು ಮಹಾಭಾಷೆಗಳಾಗಿ, ಏಳುನೂರು ಕಿರುಭಾಷೆಗಳಾಗಿ ಪರಿಣಮಿಸಿ ಕೇಳಿದವರಿಗೆಲ್ಲ ಅವರವರ ನುಡಿಯಲ್ಲಿಯೇ ತಿಳಿಯಿತೆಂದು ಪರಂಪರೆ ನಂಬುತ್ತದೆ. ಪಶುಪಕ್ಷಿಗಳಿಗೂ ಅರ್ಥವಾಯಿತೆನ್ನುವ ಧರ್ಮದಲ್ಲಿ ಮನೆಯ ಮಕ್ಕಳಿಗೆ ಅರ್ಥವಾಗದಿದ್ದರೂ ಅಡ್ಡಿಯಿಲ್ಲವೆನ್ನುವುದು ಎಂತಹ ವಿಪರ್ಯಾಸ! ಕನ್ನಡನಾಡಿನ ಜೈನ ಕವಿಗಳು ಹೀಗೆ ಭಾವಿಸಲಿಲ್ಲ. 941ರಲ್ಲಿ ಪಂಪನು ಆದಿಪುರಾಣವನ್ನು ಕನ್ನಡದಲ್ಲಿ ರಚಿಸಿದನು. 1112ರ ಸುಮಾರಿಗೆ ಮುಳುಗುಂದದ ನಯಸೇನನು ಧರ್ಮಾಮೃತದಲ್ಲಿ, ಕನ್ನಡಕ್ಕೆ ಸಲ್ಲದ ಸಂಸ್ಕೃತವನ್ನು ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆಂದು ಹಳಿದನು.

ಪ್ರಶ್ನೆಯೆಂದರೆ ಪ್ರೀತಿಯ ಕೊರತೆಯೆಂದು ಎಣಿಸುವುದು ಇನ್ನೊಂದು ಭ್ರಮೆ. ಸಮಂತಭದ್ರಾಚಾರ್ಯರಿಗಿಂತ ಮಿಗಿಲಾಗಿ ಜಿನನನ್ನು ಪ್ರೀತಿಸಿದವರು ಯಾರು? ಅವರ ಆಪ್ತಮೀಮಾಂಸೆ ಜಿನನನ್ನೇ ಪರೀಕ್ಷೆಗೆ ನಿಲ್ಲಿಸುತ್ತದೆ. ದೇವತೆಗಳ ಆಗಮನ, ಆಕಾಶಗಮನ, ಚಾಮರಾದಿ ವಿಭೂತಿಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವುಗಳಿಂದಲೇ ಜಿನನು ಪೂಜ್ಯನೆನಿಸಲಾರನೆಂಬುದು ಅದರ ಮೊದಲ ಮಾತು! ಆತನು ನಿರ್ದೋಷನೆಂದೂ, ಆತನ ವಚನವು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಲ್ಲವೆಂದೂ ಕಂಡುಕೊಂಡ ಮೇಲೆಯೇ ಅವರು ತಲೆಬಾಗಿದರು. ಅಕಲಂಕರಾಗಲಿ ವಿದ್ಯಾನಂದರಾಗಲಿ ಈ ಕೃತಿಯನ್ನು ಮುಚ್ಚಿಡಲಿಲ್ಲ. ಅಷ್ಟಶತಿ, ಅಷ್ಟಸಹಸ್ರಿಗಳೆಂಬ ವ್ಯಾಖ್ಯಾನಗಳನ್ನು ಬರೆದರು. ಹಾಗಿರಲು, ಪ್ರಶ್ನೆ ಕೇಳಿದ ಮಗಳನ್ನು ‘ಓದಿ ಕೆಟ್ಟಳು’ ಎನ್ನುವ ತಂದೆ ಯಾರ ಪರಂಪರೆಯನ್ನು ಕಾಪಾಡುತ್ತಿದ್ದಾನೆ? ಅಂಥ ಮಗಳು ಜಗಳವಾಡುವುದಿಲ್ಲ. ಬಸದಿಗೆ ಬರುವುದನ್ನು ಮೆಲ್ಲನೆ ಬಿಡುತ್ತಾಳೆ. ತಂದೆಗೆ ಅದು ಅರಿವಾಗುವಷ್ಟರಲ್ಲಿ ಮೊಮ್ಮಕ್ಕಳಿಗೆ ಬಸದಿಯು ಕಲ್ಯಾಣಮಂಟಪದ ಪಕ್ಕದ ಒಂದು ಕಟ್ಟಡವಾಗಿರುತ್ತದೆ.

ಆಡಳಿತ ಮಂಡಳಿಗಳ ಹೊಣೆಯೂ ಕಿರಿದಲ್ಲ. ವೇದಿಕೆಯಿಂದ ಅತ್ತಿಮಬ್ಬೆಯನ್ನು ಕೊಂಡಾಡುವವರು ಆಕೆ ಲಕ್ಕುಂಡಿಯಲ್ಲಿ 1007ರಲ್ಲಿ ಕಟ್ಟಿಸಿದ ಬಸದಿಯನ್ನು ಅನುಕರಿಸಲು ಮುಂದಾಗುತ್ತಾರೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಆಕೆ ಬರೆಯಿಸಿ ಹಂಚಿದ್ದು ಭಾಷಣಕ್ಕಷ್ಟೇ ಉಳಿಯುತ್ತದೆ. ಅಮೃತಶಿಲೆಯಲ್ಲಿ ದಾನಿಗಳ ಹೆಸರು ಕೆತ್ತಿಸಲು ಹಣ ಒದಗುತ್ತದೆ, ಕಲಶಗಳ ಸವಾಲು ಗಂಟೆಗಟ್ಟಲೆ ನಡೆಯುತ್ತದೆ. ಸೂತ್ರಪಾಠದೊಡನೆ ತಿಳಿಗನ್ನಡದ ಅರ್ಥವನ್ನು ಅಚ್ಚುಹಾಕಿಸುವ ಮಾತು ಬಂದಾಗ ಮಾತ್ರ ನಿಧಿ ಬರಿದಾಗಿರುತ್ತದೆ. ಬರುವ ಭಾದ್ರಪದದ ಆ ಒಂಬತ್ತನೆಯ ದಿನ, ಪಾರಾಯಣ ಮುಗಿದ ಬಳಿಕ ಅರ್ಧ ಗಂಟೆಯನ್ನು ಮಕ್ಕಳ ಪ್ರಶ್ನೆಗಳಿಗೆ ಬಿಡಲಿ. ಉತ್ತರ ತಿಳಿಯದ ಹಿರಿಯರು ತಿಳಿಯದೆಂದೇ ಹೇಳಲಿ.