ಉಗ್ರನೆಂದರೆ ಕೊಲೆಗಡುಕನೇ?



ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಮದ್ದೂರಿನ ಉಗ್ರನರಸಿಂಹಸ್ವಾಮಿ ಅವನ ಮನೆದೇವರು. ಅವನ ಹೆಸರೂ ಆ ದೇವರದೇ. "ಮೇಷ್ಟ್ರೇ, ಶಾಲೆಯಲ್ಲಿ ತಾತನ ಹೆಸರು ಬರೆಯಲು ಮೊಮ್ಮಗ ಒಲ್ಲೆ ಅನ್ನುತ್ತಾನೆ. ಉಗ್ರ ಅಂದರೆ ಬಾಂಬು ಹಾಕುವವನಂತೆ, ಜೊತೆಯ ಹುಡುಗರು ನಗುತ್ತಾರಂತೆ" ಎಂದ. ನಗುತ್ತಲೇ ಹೇಳಿದನಾದರೂ ದನಿಯಲ್ಲಿ ನೋವಿತ್ತು.

ಈ ಅನರ್ಥವನ್ನು ಮಕ್ಕಳಿಗೆ ಕಲಿಸಿದವರು ನಮ್ಮ ಪತ್ರಿಕೆ, ವಾಹಿನಿಗಳವರು. 'ಮೂವರು ಉಗ್ರರ ಹತ್ಯೆ' ಎಂದು ತಲೆಬರಹ ಕೊಡುತ್ತಾರೆ. 'ಭಯೋತ್ಪಾದಕ' ಎಂಬ ನೇರವಾದ ಪದವಿದೆ, ಅದು ಉದ್ದವಾಯಿತು. 'ಉಗ್ರಗಾಮಿ'ಯೂ ಅಂಕಣದಲ್ಲಿ ಹಿಡಿಸಲಿಲ್ಲ. 'ಗಾಮಿ' ಕತ್ತರಿಸಿಹೋಗಿ, ಉಳಿದ ಬರಿಯ ವಿಶೇಷಣವೇ ಬಂದೂಕು ಹಿಡಿದ ಮನುಷ್ಯನಾಯಿತು! ಅದೇ ಪತ್ರಿಕೆಗಳ ಒಳಪುಟದಲ್ಲಿ 'ಚರಂಡಿ ದುರಸ್ತಿಯಾಗದಿದ್ದರೆ ಉಗ್ರ ಹೋರಾಟ' ಎಂಬ ಬಗೆಯ ಸುದ್ದಿ. ಕೊಲೆಗಡುಕನಿಗೂ, ಮನವಿಪತ್ರ ಹಿಡಿದು ಬಿಸಿಲಲ್ಲಿ ನಿಂತ ಬಡಾವಣೆಯವರಿಗೂ ಒಂದೇ ಪದ.

ಸಂಸ್ಕೃತದಲ್ಲಿ 'ಉಗ್ರ'ಕ್ಕೂ 'ಓಜಸ್ಸಿ'ಗೂ ಹತ್ತಿರದ ನಂಟು. ಹೆಚ್ಚು ಉಗ್ರವಾದದ್ದು 'ಓಜೀಯಸ್'. ಎಲ್ಲಕ್ಕಿಂತ ಉಗ್ರವಾದದ್ದು 'ಓಜಿಷ್ಠ'. ಬಲ, ತೀವ್ರತೆ ಎಂಬ ಅರ್ಥಗಳು ಅದಕ್ಕಿವೆ. ಅಮರಕೋಶದಲ್ಲಿ ಉಗ್ರ ಎಂಬುದು ಶಿವನ ಹೆಸರು. ತನ್ನನ್ನೇ ದಂಡಿಸಿಕೊಳ್ಳುವ ಋಷಿಯದು ಉಗ್ರ ತಪಸ್ಸು. ಇನ್ನು ಉಗ್ರಸೇನನೋ, ಮಗ ಕಂಸನ ಕೈಯಲ್ಲೇ ಸೆರೆಬಿದ್ದ ಸಾಧು ಮುದುಕ!

ನಾನೂ ನಿರ್ದೋಷಿಯಲ್ಲ. ಉಗ್ರದ ವಿರುದ್ಧಪದ ಶಾಂತ ಎಂದು ಕಪ್ಪುಹಲಗೆಯ ಮೇಲೆ ಬರೆದು, ಹೆಚ್ಚೇನೂ ವಿವರಿಸದೆ, ವರ್ಷಗಟ್ಟಲೆ ಅಂಕ ಕೊಟ್ಟವನು.

ಭಾಷೆ ಹರಿಯುವ ನೀರು, ಅರ್ಥ ಬದಲಾಗದೆ ಇದ್ದೀತೇ ಎಂದು ನಿಮ್ಮಲ್ಲೇ ಕೆಲವರು ವಾದಿಸುವಿರಿ. ಬದಲಾಗಲಿ, ಬೇಡವೆನ್ನಲು ನಾನಾರು? ಆದರೆ ಇಲ್ಲಿ ನೀರು ತಾನಾಗಿ ತಿರುಗಲಿಲ್ಲ. ಎರಡಕ್ಷರದ ಜಾಗ ಉಳಿಸಲು ಯಾರೋ ಕಟ್ಟೆ ಒಡೆದರು. ಆ ಜಾಗದ ಬೆಲೆಯನ್ನು ಈಗ ಒಬ್ಬ ಹುಡುಗ ತೆರುತ್ತಿದ್ದಾನೆ.

ಮೊಮ್ಮಗನನ್ನೇ ಕರೆಸಿ ಮಾತನಾಡಿದೆ. "ನೀನು ಕೂಸಾಗಿದ್ದಾಗ ಬಜೆ ತೇದು ನಾಲಿಗೆಗೆ ಸವರಿದವರು ಯಾರಪ್ಪ?"

"ಅಜ್ಜಿಯಂತೆ."

"ಆ ಬಜೆಗೆ ಸಂಸ್ಕೃತದಲ್ಲಿ ಉಗ್ರಗಂಧಾ ಎಂದು ಹೆಸರು. ನಿನ್ನ ಹುಡುಗರಿಗೆ ಹೇಳು."

ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಇನ್ನೊಂದು ಸಲ ನಿಧಾನವಾಗಿ ಹೇಳಿ ತಾತ, ಬರೆದುಕೊಳ್ಳುತ್ತೇನೆ" ಎಂದ.