ರೇವತಿಯಮ್ಮನ ಹೆಸರು ಗೋಡೆ ಮೇಲಿದ್ದರೆ ಸಾಕಾ?



2019ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಬಟ್ಲರ್ ಗ್ರಂಥಾಲಯಕ್ಕೆ ಒಂದು ದೊಡ್ಡ ಬ್ಯಾನರ್ ಕಟ್ಟಿದ್ದರು. ಆ ಕಟ್ಟಡದ ಕಲ್ಲಲ್ಲಿ ಕೆತ್ತಿರೋದು ಹೋಮರ್, ಪ್ಲೇಟೋ, ಅರಿಸ್ಟಾಟಲ್ ಥರದ ಗಂಡಸರ ಹೆಸರು. ಬ್ಯಾನರಿನಲ್ಲಿ ಇದ್ದದ್ದು ಎಂಟು ಲೇಖಕಿಯರ ಹೆಸರು. ಟೋನಿ ಮಾರಿಸನ್, ಮಾಯಾ ಏಂಜೆಲೋ ಜೊತೆಗೆ ನಮ್ಮ ಎ. ರೇವತಿ! ಬಾಬಾಸಾಹೇಬರು ಓದಿದ ವಿಶ್ವವಿದ್ಯಾಲಯ ಅದು. ಹೆಮ್ಮೆಪಡಬೇಕಾದದ್ದೇ. ಆದರೆ ಹೆಮ್ಮೆಪಟ್ಟು ಸುಮ್ಮನಾದರೆ ರೇವತಿಯಮ್ಮನಿಂದ ನಾವು ಏನೂ ಕಲಿತಿಲ್ಲ ಅಂತಲೇ ಅರ್ಥ.

ನಾಮಕ್ಕಲ್ ಕಡೆಯ ಹಳ್ಳಿಯ ಮನೆ ಬಿಟ್ಟು, ದೆಹಲಿ, ಮುಂಬೈ ಸುತ್ತಿ, ಭಿಕ್ಷೆ, ಲೈಂಗಿಕ ವೃತ್ತಿ, ಪೊಲೀಸರ ಏಟು ಎಲ್ಲವನ್ನೂ ಉಂಡು ಬೆಂಗಳೂರಿನ ಹಮಾಮಿಗೆ ಬಂದವರು ಅವರು. 1999ರಲ್ಲಿ ಸಂಗಮ ಸಂಸ್ಥೆಗೆ ಆಫೀಸ್ ಸಹಾಯಕಿಯಾಗಿ ಸೇರಿ, ಮುಂದೆ ಅದರ ನಿರ್ದೇಶಕಿಯಾದರು. ಮೊದಲು ಬರೆದದ್ದೂ ತನ್ನ ಕಥೆಯನ್ನಲ್ಲ, ತಮಿಳುನಾಡಿನ ಹಿಜ್ರಾಗಳನ್ನು ಮಾತಾಡಿಸಿ ಅವರ ಕಥೆಗಳನ್ನು. ಆತ್ಮಕಥೆ ಆಮೇಲೆ. ಅದನ್ನು ದು. ಸರಸ್ವತಿ ಅಕ್ಕ ಕನ್ನಡಕ್ಕೆ 'ಬದುಕು ಬಯಲು' ಅಂತ ತಂದರು. ಜನಮನದಾಟ ತಂಡ ನಾಟಕ ಮಾಡಿತು.

ಗುಮಾಸ್ತನಾದ ನನಗೆ ಇದರಲ್ಲಿ ಎದ್ದು ಕಾಣೋದು ಆ ಆಫೀಸ್ ಕೆಲಸ. ತಿಂಗಳ ಸಂಬಳ, ಕೂರೋಕೆ ಒಂದು ಜಾಗ, ಬೆಳಿಗ್ಗೆ ಹೋಗೋಕೆ ಒಂದು ಬಾಗಿಲು. ಅದು ಸಿಕ್ಕಿದ ಮೇಲೆ ಅಲ್ವಾ ಇಷ್ಟು ಪುಸ್ತಕ, ಇಷ್ಟು ಸಂಘಟನೆ ಸಾಧ್ಯವಾಗಿದ್ದು?

ಅದೇ ಸಂಗಮ ಹೈಕೋರ್ಟಿಗೆ ಹೋದ ಮೇಲೆ, 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್‌ಗಳಿಗೆ ಶೇ. 1 ಮೀಸಲಾತಿ ಬಂತು. ಸಾಮಾನ್ಯ, ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಪ್ರತಿಯೊಂದರ ಒಳಗೂ ಶೇ. 1. ದೇಶದಲ್ಲೇ ಮೊದಲು. ಆದರೆ ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ: ಟ್ರಾನ್ಸ್‌ಜೆಂಡರ್ ಅಭ್ಯರ್ಥಿ ಸಿಗದಿದ್ದರೆ ಆ ಹುದ್ದೆಯನ್ನು ಅದೇ ವರ್ಗದ ಗಂಡಸಿಗೋ ಹೆಂಗಸಿಗೋ ಕೊಡಬಹುದು.

'ಅರ್ಹ ಅಭ್ಯರ್ಥಿ ಲಭ್ಯವಿಲ್ಲ.' ಈ ಮಾತು ನಮಗೆ ಹೊಸದಾ? ಎಸ್‌ಸಿ ಹುದ್ದೆಗಳನ್ನು ವರ್ಷಗಟ್ಟಲೆ ಖಾಲಿ ಬಿಟ್ಟದ್ದು ಇದೇ ಮಾತಿನಿಂದ. ಆಗ ನಾವು ಬೀದಿಗಿಳಿದು ಬ್ಯಾಕ್‌ಲಾಗ್ ತುಂಬಿ ಅಂತ ಕೂಗಿದ್ವಿ. ಈಗ ಯಾಕೆ ಸುಮ್ಮನಿದ್ದೀವಿ? ಕಾರಣ ಸರಳ. ದಲಿತ ಟ್ರಾನ್ಸ್ ಹೆಣ್ಣುಮಗಳಿಗೆ ಸಿಗಬೇಕಾದ ಹುದ್ದೆ ಕೈತಪ್ಪಿದರೂ ಅದು ಎಸ್‌ಸಿ ಒಳಗೇ ಉಳಿಯುತ್ತೆ, ನಮ್ಮದೇ ಅಣ್ಣನಿಗೋ ಅಕ್ಕನಿಗೋ ಹೋಗುತ್ತೆ. ನಮಗೆ ನಷ್ಟ ಕಾಣಲ್ಲ. ಕಳ್ಕೊಂಡವಳೂ ನಮ್ಮವಳೇ ಅನ್ನೋದು ಮರೆತುಹೋಗುತ್ತೆ.

ಅಭ್ಯರ್ಥಿ ಯಾಕೆ ಸಿಗಲ್ಲ ಅಂತಲೂ ಕೇಳ್ಕೊಳ್ಳಿ. ಶಾಲೆಯಲ್ಲಿ ಗೇಲಿ ತಡೆಯಲಾರದೆ ಓದು ಬಿಟ್ಟಿರ್ತಾರೆ. ಓದಿದ್ದರೂ ಅಂಕಪಟ್ಟಿಯಲ್ಲಿ ಹಳೇ ಹೆಸರು. ಜಾತಿ ಪ್ರಮಾಣ ಪತ್ರ ಬೇಕು ಅಂದ್ರೆ ಅಪ್ಪನ ದಾಖಲೆ ಬೇಕು, ಆ ಅಪ್ಪನೇ ಮನೆಯಿಂದ ಓಡಿಸಿರ್ತಾನೆ. ಜಾತಿ ಅವಳನ್ನ ಬಿಟ್ಟಿಲ್ಲ, ಜಾತಿಯ ಪತ್ರ ಮಾತ್ರ ಕೈಗೆ ಸಿಗಲ್ಲ.

ಇಲ್ಲಿ ನಮ್ಮ ಕೆಲಸ ಇದೆ. ಪ್ರತಿ ನೇಮಕಾತಿ ಅಧಿಸೂಚನೆಯಲ್ಲಿ ಈ ಶೇ. 1 ಎಷ್ಟು ಹುದ್ದೆ ಅಂತ ನೋಡಿ. ಕಡೆಗೆ ಅದು ಯಾರಿಗೆ ಹೋಯ್ತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಭರ್ತಿಯಾಗದ ಹುದ್ದೆ ಬ್ಯಾಕ್‌ಲಾಗ್ ಆಗಿ ಉಳಿಯಲಿ ಅಂತ ನಮ್ಮ ಬೇಡಿಕೆ ಪಟ್ಟಿಯಲ್ಲಿ ಬರೆಯಿರಿ. ನಾಡಕಚೇರಿಗೆ ಅವರ ಜೊತೆ ನಾವು ನಾಲ್ಕು ಜನ ಹೋಗೋಣ. ಹಾಗೇ ಏಪ್ರಿಲ್ 14ಕ್ಕೆ ಹಾಡೋಕೆ, ಕುಣಿಯೋಕೆ ಮಾತ್ರ ಕರೆಯೋದು ಬಿಟ್ಟು ಸಮಿತಿಯಲ್ಲೂ ಕೂರಿಸಿ.

ರೇವತಿಯಮ್ಮನಿಗೆ ಅಂದು ಒಂದು ಬಾಗಿಲು ತೆರೆದಿತ್ತು. ಅದು ಎಲ್ಲರಿಗೂ ತೆರೆಯೋ ತನಕ ಅವರ ಫೋಟೋ ಶೇರ್ ಮಾಡೋ ಹಕ್ಕನ್ನ ನಾವು ದುಡಿದು ಪಡೀಬೇಕು.

ಜೈ ಭೀಮ್.