ಸಂಜೆಯೂ ತೆರೆದಿರಲಿ ಗ್ಯಾಲರಿ

ಚೆನ್ನೈನ ತ್ರಿಪ್ಲಿಕೇನಿನಲ್ಲಿ ‘ಮ್ಯಾನ್ಷನ್’ ಎಂಬ ಬಾಡಿಗೆ ವಸತಿಗೃಹಗಳಲ್ಲಿ ಕೋಣೆ ಹಿಡಿದು ದುಡಿಯುವವರಿಗೆ ಕಲೆಯ ಚರಿತ್ರೆ ದೂರದ್ದೇನಲ್ಲ. ಪಕ್ಕದ ಮರೀನಾದಲ್ಲೇ ದೇವಿಪ್ರಸಾದ್ ರಾಯ್ ಚೌಧುರಿಯವರ ‘ಟ್ರಯಂಫ್ ಆಫ್ ಲೇಬರ್’ ಶಿಲ್ಪವಿದೆ; ಬಂಡೆ ಮೀಟುವ ನಾಲ್ವರ ಸೆಟೆದ ಬೆನ್ನುಗಳು 1959ರಿಂದ ಬಿಸಿಲು ಕಾಯುತ್ತಿವೆ. ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅಮರಾವತಿಯ ಶಿಲ್ಪಗಳಿವೆ, ತಿರುವಾಲಂಗಾಡಿನ ಕಂಚಿನ ನಟರಾಜನಿದ್ದಾನೆ. ಇಲ್ಲದಿರುವುದು ಬಿಡುವು. ಹಗಲೆಲ್ಲ ದುಡಿಯುವವರಿಗಾಗಿ ಆ ವಸ್ತುಸಂಗ್ರಹಾಲಯದ ಗ್ಯಾಲರಿಯಲ್ಲೇ ಸಂಜೆ ತರಗತಿ ನಡೆಯಬೇಕು.

ಮೊಬೈಲಿನಲ್ಲೇ ಚಿತ್ರ ಸಿಗುತ್ತದಲ್ಲ ಎನ್ನಬಹುದು. ಚಿತ್ರ ತೋರಿಸುವುದು ಒಂದೇ ಮಗ್ಗುಲು. ಕಂಚಿನ ವಿಗ್ರಹದ ಬೆನ್ನು ಕಾಣಲು ಸುತ್ತು ಬರಲೇಬೇಕು. ಮೇಣ ಕರಗಿಸಿ, ಮಣ್ಣಿನ ಅಚ್ಚು ಒಡೆದು ಹೊರತೆಗೆದ ಆ ಮೂರ್ತಿಗೆ ಜೋಡಿಯಿಲ್ಲವೆಂಬುದು ಎದುರು ನಿಂತಾಗಲೇ ಮನಸ್ಸಿಗಿಳಿಯುತ್ತದೆ. ಕಾವಲು, ದೀಪದ ಖರ್ಚು ನಿಜ. ಆದರೆ ವಾರಕ್ಕೆರಡು ಸಂಜೆ ಒಂದೇ ಗ್ಯಾಲರಿ ತೆರೆಯುವುದು ಹೊರಲಾಗದ ಭಾರವಲ್ಲ. ಪಾಠ ಹೇಳಬಲ್ಲವರಿಗೂ ಬರವಿಲ್ಲ: ರಾಯ್ ಚೌಧುರಿ ಮುನ್ನಡೆಸಿದ, 1850ರಷ್ಟು ಹಳೆಯ ಕಲಾ ಕಾಲೇಜು ಅದೇ ಊರಲ್ಲಿದೆ.